ಸುಗಂಧ ಮತ್ತು ಮನುಷ್ಯನ ವಾಸನೆ

ಜರ್ಮನ್ ಲೇಖಕ ಪ್ಯಾಟ್ರಿಕ್ ಸ್ಯೂಸ್ಕಿಂಡ್ ಅವರ 'ಪರ್ಫ್ಯೂಮ್' ಕಾದಂಬರಿ 1985ರಲ್ಲಿ ಪ್ರಕಟವಾಯಿತು. 2006ರಲ್ಲಿ ಚಲನಚಿತ್ರವೂ ಆಯಿತು. ಮೇಲ್ನೋಟಕ್ಕೆ ಇದು ಕೊಲೆಗಾರನೊಬ್ಬನ ಕತೆ. ಆದರೆ ಅದು ಎತ್ತುವ ನಿಜವಾದ ಪ್ರಶ್ನೆ ಬೇರೆ. ಮೈವಾಸನೆಯೇ ಇಲ್ಲದವನನ್ನು ಸಮಾಜ ಮನುಷ್ಯನೆಂದು ಗುರುತಿಸುತ್ತದೆಯೇ? ಇಲ್ಲವೆಂದಾದರೆ ಬಾಟಲಿಯ ಸುಗಂಧ ಆ ಕೊರತೆಯನ್ನು ತುಂಬಬಲ್ಲುದೇ?

ಕಥಾನಾಯಕ ಗ್ರೆನುಯ್ 18ನೇ ಶತಮಾನದ ಪ್ಯಾರಿಸ್‌ನ ಮೀನಂಗಡಿಯಲ್ಲಿ ಹುಟ್ಟಿದ ಅನಾಥ. ಲೋಕದ ಎಲ್ಲ ವಾಸನೆಗಳನ್ನೂ ಬಿಡಿಸಿ ಗುರುತಿಸಬಲ್ಲ ಅವನ ಮೈಗೆ ಮಾತ್ರ ವಾಸನೆಯಿಲ್ಲ. ಕೂಸಿನ ನೆತ್ತಿಗಿರಬೇಕಾದ ಸಿಹಿ ಗಂಧ ಇವನಿಗಿಲ್ಲ ಎಂದು ಹಾಲೂಡುವ ದಾದಿ ಅವನನ್ನು ಪಾದ್ರಿಗೆ ಮರಳಿಸುತ್ತಾಳೆ. ಪಾದ್ರಿ ಮೊದಲು ಅವಳ ಮಾತನ್ನು ತಳ್ಳಿಹಾಕುತ್ತಾನೆ. ಇಡೀ ಕಾದಂಬರಿಯ ಅತ್ಯಂತ ಸತ್ಯವಾದ ಭಾಗ ಇದು. ದಾದಿಯ ಮೂಗಿನ ಪರವಾಗಿ ವಿಜ್ಞಾನವೂ ಸಾಕ್ಷಿ ನುಡಿಯುತ್ತದೆ. ತಾಯಂದಿರು ತಮ್ಮ ನವಜಾತ ಶಿಶುವಿನ ಬಟ್ಟೆಯನ್ನು ವಾಸನೆಯಿಂದಲೇ ಗುರುತಿಸಬಲ್ಲರು. ಕೆಲವೇ ದಿನಗಳ ಶಿಶು ತನ್ನ ತಾಯಿಯ ಎದೆಯ ವಾಸನೆಯತ್ತ ಮುಖ ತಿರುಗಿಸುತ್ತದೆ. ಮಾತು ಹುಟ್ಟುವ ಮೊದಲೇ ನಡೆಯುವ ಸಂಭಾಷಣೆ ಇದು.

ಮುಂದೆ ಗ್ರೆನುಯ್ ಹಳಸಿದ ಚೀಸ್, ವಿನೆಗರ್, ಬೆಕ್ಕಿನ ಮಲ ಮುಂತಾದವನ್ನು ಬೆರೆಸಿ ಕೃತಕ ಮನುಷ್ಯವಾಸನೆ ತಯಾರಿಸಿ ಪೂಸಿಕೊಳ್ಳುತ್ತಾನೆ. ಅದುವರೆಗೆ ಅವನನ್ನು ಗಮನಿಸದೆ ಸಾಗುತ್ತಿದ್ದ ಜನ ಈಗ ಅವನನ್ನು ತಮ್ಮಲ್ಲೊಬ್ಬನಂತೆ ಕಾಣುತ್ತಾರೆ. ಇಲ್ಲಿಯವರೆಗೆ ಲೇಖಕರ ವ್ಯಂಗ್ಯ ಹರಿತವಾಗಿದೆ.

ಅವರು ಎಡವುವುದು ಕೊನೆಯ ಭಾಗದಲ್ಲಿ. ಗ್ರಾಸ್ ಪಟ್ಟಣದಲ್ಲಿ 25 ಯುವತಿಯರನ್ನು ಕೊಂದು, ಅವರ ಮೈಗಂಧದಿಂದ ಗ್ರೆನುಯ್ ಒಂದು ಸುಗಂಧ ತಯಾರಿಸುತ್ತಾನೆ. ಅವನ ಮರಣದಂಡನೆ ನೋಡಲು ಬಂದ ಸಾವಿರಾರು ಜನ ಆ ಸುಗಂಧಕ್ಕೆ ಒಮ್ಮೆಲೇ ಮರುಳಾಗುತ್ತಾರೆ. ಗಂಡಸು ಸಿಂಪಡಿಸಿಕೊಂಡರೆ ಸಾಕು, ಹೆಣ್ಣುಗಳು ಓಡೋಡಿ ಬರುತ್ತಾರೆ ಎಂಬ ಜಾಹೀರಾತಿನ ಕನಸಿಗೂ ಇದಕ್ಕೂ ಏನು ವ್ಯತ್ಯಾಸ? ಕೊಲೆಯಾದವರಲ್ಲಿ ಲೋರ್ ಎಂಬವಳನ್ನು ಬಿಟ್ಟರೆ ಉಳಿದವರಿಗೆ ಹೆಸರೂ ಇಲ್ಲ. ಹೆಣ್ಣು ಇಲ್ಲಿ ಬರೀ ಕಚ್ಚಾವಸ್ತು.

ವಾಸ್ತವದಲ್ಲಿ ಸುಗಂಧ ಆಜ್ಞೆಯಂತೆ ಕೆಲಸ ಮಾಡುವುದಿಲ್ಲ. ಕಂಕುಳಿನ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ವಿಭಜಿಸಿದಾಗ ಮೈವಾಸನೆ ಹುಟ್ಟುತ್ತದೆ. ಅದು ಒಬ್ಬೊಬ್ಬರಿಗೂ ಬೇರೆ. 1995ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಕ್ಲಾಸ್ ವೆಡೆಕಿಂಡ್ ಮತ್ತು ಸಂಗಡಿಗರು 44 ಗಂಡಸರು ಧರಿಸಿದ ಅಂಗಿಗಳನ್ನು 49 ಮಹಿಳೆಯರಿಗೆ ಮೂಸಲು ಕೊಟ್ಟರು. ರೋಗನಿರೋಧಕ ಜೀನ್‌ಗಳು ತಮಗಿಂತ ಭಿನ್ನವಾಗಿದ್ದವರ ವಾಸನೆ, ಗರ್ಭನಿರೋಧಕ ಮಾತ್ರೆ ಸೇವಿಸದ ಮಹಿಳೆಯರಿಗೆ ಹೆಚ್ಚು ಹಿತವೆನಿಸಿತು. ನಂತರದ ಅಧ್ಯಯನಗಳು ಇದನ್ನು ಏಕಕಂಠದಿಂದ ಸಮರ್ಥಿಸಿಲ್ಲ. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. ಯಾರೋ ಕೊಟ್ಟ ಸುಗಂಧಕ್ಕಿಂತ ತಾವೇ ಆರಿಸಿಕೊಂಡ ಸುಗಂಧ ಮೈವಾಸನೆಯೊಂದಿಗೆ ಬೆರೆತಾಗ ಮೂಸಿದವರಿಗೆ ಹೆಚ್ಚು ಹಿತವೆನಿಸಿತು. ಅಂದರೆ ಸುಗಂಧ ಮೈಯ ಮಾತನ್ನು ಅಳಿಸಲೇಬೇಕೆಂದಿಲ್ಲ, ಅದರೊಂದಿಗೆ ದನಿಗೂಡಿಸಲೂ ಬಲ್ಲದು.

ಹಾಗಾದರೆ ಮೈವಾಸನೆ ನಾಚಿಕೆಯ ವಿಷಯವಾದದ್ದು ಹೇಗೆ? 1919ರಲ್ಲಿ ಅಮೆರಿಕದ 'ಒಡೊರೊನೊ' ಕಂಪೆನಿ ಮಹಿಳಾ ಪತ್ರಿಕೆಯೊಂದರಲ್ಲಿ ಹೆಣ್ಣಿನ ಕಂಕುಳಿನ ವಾಸನೆಯ ಕುರಿತು ಜಾಹೀರಾತು ನೀಡಿತು. ಸುಮಾರು 200 ಓದುಗರು ಸಿಟ್ಟಾಗಿ ಚಂದಾ ರದ್ದುಪಡಿಸಿದರು. ಆದರೂ ಮಾರಾಟ ಏರಿತು. ಭಯ ಲಾಭದಾಯಕವೆಂದು ವ್ಯಾಪಾರಿಗಳು ಕಂಡುಕೊಂಡರು. ಆ ಭಯದ ಹೊರೆ ಇಂದು ಹೆಚ್ಚಾಗಿ ಬೀಳುವುದು ಬಿಸಿಲಲ್ಲಿ ದುಡಿದು ಬಸ್ಸು ಹತ್ತುವವರ ಮೇಲೆ.

ಸುಗಂಧ ತಪ್ಪಲ್ಲ. ಈದ್‌ಗೂ ಮದುವೆಗೂ ಅತ್ತರ್ ಹಚ್ಚುವವರು ತಮ್ಮನ್ನು ಮರೆಮಾಚಲು ಹಚ್ಚುವುದಿಲ್ಲ, ಎದುರಿನವರ ಸಂತೋಷಕ್ಕೆ ಹಚ್ಚುತ್ತಾರೆ. ಸ್ಯೂಸ್ಕಿಂಡ್ ಇದರ ವಿಲೋಮವನ್ನು ಬಲ್ಲರು. ಜನಸಾಗರ ತನ್ನ ಮುಂದೆ ಮರುಳಾಗಿ ಬಿದ್ದಾಗ, ಅವರು ಪ್ರೀತಿಸುತ್ತಿರುವುದು ಸುಗಂಧವನ್ನೇ ಹೊರತು ತನ್ನನ್ನಲ್ಲ ಎಂಬುದು ಗ್ರೆನುಯ್‌ಗೆ ಅರ್ಥವಾಗುತ್ತದೆ. ಈ ಒಂದು ಅರಿವಿಗಾಗಿ, ಎಲ್ಲ ದೋಷಗಳ ನಡುವೆಯೂ ಕಾದಂಬರಿ ಓದಲು ಅರ್ಹ.