ಖಳನಿಲ್ಲದ ಪ್ರಣಯ

ಪ್ರಣಯಿಗಳನ್ನು ಅಗಲಿಸುವುದಕ್ಕೆ ನಮ್ಮ ಕನ್ನಡ ಧಾರಾವಾಹಿಗಳಲ್ಲಿ ಒಬ್ಬ ನಾದಿನಿಯೋ ಸೋದರತ್ತೆಯೋ ಅವಶ್ಯವಾಗಿ ಬೇಕು. ಆಕೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡುದನ್ನು ಮುಂದಿನ ನೂರು ಕಂತುಗಳವರೆಗೆ ಮನಸ್ಸಿನಲ್ಲಿಟ್ಟುಕೊಂಡು ಕಣ್ಣರಳಿಸುತ್ತಿರಬೇಕು. ಬಿ.ಬಿ.ಸಿ.ಯವರು 1992ರಲ್ಲಿ ಆರಂಭಿಸಿದ ‘ಆಸ್ ಟೈಮ್ ಗೋಸ್ ಬೈ’ ಎಂಬ ಧಾರಾವಾಹಿಯಲ್ಲಿಯಾದರೋ ಆ ಕಾರ್ಯವನ್ನು ಅಂಚೆಯ ಚೀಲವೇ, ಯಾರ ಮೇಲೂ ದ್ವೇಷವಿಲ್ಲದೆ, ನೆರವೇರಿಸಿಬಿಡುತ್ತದೆ. ಕೊರಿಯಾದ ಯುದ್ಧಕ್ಕೆ ಹೋದ ತರುಣ ಸೇನಾಧಿಕಾರಿ ಲಯೊನೆಲ್, ದಾದಿಯ ಕೆಲಸದಲ್ಲಿದ್ದ ತನ್ನ ನಲ್ಲೆ ಜೀನಳಿಗೆ 1953ರಲ್ಲಿ ಬರೆದ ಕಾಗದ ತಲುಪುವುದಿಲ್ಲ. ಆತ ಮರೆತನೆಂದು ಈಕೆಯೂ, ಈಕೆ ಮರೆತಳೆಂದು ಆತನೂ ಬಗೆದು, ಬೇರೆ ಬೇರೆ ಮದುವೆಗಳಾಗಿ, ಮೂವತ್ತೆಂಟು ವರ್ಷಗಳನ್ನು ಕಳೆದುಬಿಡುತ್ತಾರೆ. ನಮ್ಮ ಬೆಂಗಳೂರಿನ ಟಿನ್ ಫ್ಯಾಕ್ಟರಿಯ ನೆರೆಯ ದೂರವಾಣಿನಗರದಲ್ಲಿ 1948ರಷ್ಟು ಹಿಂದೆಯೇ ಟೆಲಿಫೋನು ತಯಾರಿಸುವ ಐ.ಟಿ.ಐ. ಕಾರ್ಖಾನೆ ಸ್ಥಾಪಿತವಾಗಿದ್ದರೂ ಟೆಲಿಫೋನೆಂಬುದು ಸಾಮಾನ್ಯರ ಮನೆಯನ್ನು ಇನ್ನೂ ಪ್ರವೇಶಿಸದಿದ್ದ ಆ ಕಾಲವನ್ನು ಬಲ್ಲವರಿಗೆ, ತಪ್ಪಿಹೋದ ಒಂದು ಕಾಗದದ ಬೆಲೆಯೇನೆಂದು ಯಾರೂ ತಿಳಿಸಿಕೊಡಬೇಕಾಗಿಲ್ಲ.

ಕೆನ್ಯದಲ್ಲಿ ಕಾಫಿ ತೋಟ ಮಾಡಿಕೊಂಡಿದ್ದು ಸ್ವದೇಶಕ್ಕೆ ಮರಳಿದ ಲಯೊನೆಲ್, ತನ್ನ ಆತ್ಮವೃತ್ತಾಂತವನ್ನು ಟೈಪು ಮಾಡಿಸಲೆಂದು ಸಹಾಯಕಿಯೊಬ್ಬಳನ್ನು ಅರಸುತ್ತ ಬರುವುದು, ಕಾಕತಾಳೀಯವಾಗಿ, ಜೀನ್ ನಡೆಸುವ ಸಂಸ್ಥೆಗೇ. ಆ ಗ್ರಂಥ ನೀರಸವಾದುದೆಂಬುದರಲ್ಲಿ ಓದಿದ ಯಾರಿಗೂ ಸಂದೇಹವಿಲ್ಲ. ಮುಂದೆ ಅಮೆರಿಕದ ಟೆಲಿವಿಷನ್ನಿನವರು ಇವರಿಬ್ಬರ ಕಥೆಯನ್ನೇ ಕೊಂಡು ಅದಕ್ಕೆ ಬಣ್ಣ ಬಳಿಯಲು ಹೊರಡುವ ಭಾಗದಲ್ಲಿ, ಧಾರಾವಾಹಿಯ ಲೇಖಕ ಬಾಬ್ ಲಾರ್ಬಿ, ತಾನು ಏನನ್ನು ಬರೆಯಲೊಲ್ಲದೆ ಉಳಿದನೆಂಬುದನ್ನು ನಗುನಗುತ್ತಲೇ ತೋರಿಸಿಕೊಟ್ಟಂತಿದೆ.

ಕಳೆದುಹೋದ ಯೌವನವನ್ನು ನೆನೆದು ಇವರು ಕಣ್ಣೀರು ಸುರಿಸುತ್ತ ಕೂರುವುದಿಲ್ಲ. ಚಹದ ಬಟ್ಟಲಿನ ಮುಂದೆ ಕುಳಿತು ಕೆಲಸಕ್ಕೆ ಬಾರದ ವಿಷಯಗಳಿಗೆ ಕಚ್ಚಾಡುತ್ತಾರೆ. ಲಯೊನೆಲ್ ಪಾತ್ರದ ಜೆಫ್ರಿ ಪಾಮರ್ ತಮ್ಮ ಜೋಲುಮೋರೆಯ ಒಂದು ಸ್ನಾಯುವನ್ನೂ ಅಲುಗಿಸದೆ ಒಂದು ಮಾತನ್ನು ಆಡಿ ಸುಮ್ಮನಾದರೆ, ಜೀನ್ ಪಾತ್ರದ ಜೂಡಿ ಡೆಂಚ್ ಉತ್ತರ ಕೊಡುವ ಮುನ್ನವೇ ಕೋಪವೂ ಅಕ್ಕರೆಯೂ ಆಕೆಯ ಮುಖದ ಮೇಲೆ ಒಂದನ್ನೊಂದು ಅಟ್ಟಿಕೊಂಡು ಹೋಗಿರುತ್ತವೆ. ಇಂಥ ಕಚ್ಚಾಟ ನಮ್ಮಲ್ಲಿಯೂ ಉಂಟು. ಟಿನ್ ಫ್ಯಾಕ್ಟರಿಯ ತೂಗುಸೇತುವೆಯ ಬಳಿ ವಾಹನಗಳ ಸಂದಣಿಯಲ್ಲಿ ನಿಂತುಬಿಟ್ಟ ಕೋಲಾರದ ಬಸ್ಸಿನಲ್ಲಿ, ‘ನಲ್ಲಿ ನಿಲ್ಲಿಸಿದಿರಾ?’ ಎಂದು ಮಡದಿ ಕೇಳುತ್ತಾಳೆ. ‘ನೀನೇ ತಾನೇ ಕಡೆಗೆ ಬಂದದ್ದು?’ ಎಂದು ಯಜಮಾನರು ಕಿಟಕಿಯ ಕಡೆಗೆ ತಿರುಗುತ್ತಾರೆ. ತುಸು ಹೊತ್ತಿನಲ್ಲಿ ಆಕೆ ಕಡಲೆಕಾಯಿ ಸುಲಿದು ಆತನ ಅಂಗೈಗೆ ಹಾಕುತ್ತಾಳೆ, ಆತ ತಿರುಗಿ ನೋಡದೆಯೇ ತಿನ್ನುತ್ತಾರೆ. ನಮ್ಮ ಧಾರಾವಾಹಿಯವರಿಗೆ ಇಷ್ಟು ವಸ್ತು ಸಾಲದೆಂದು ತೋರುವುದು ನನಗಂತೂ ಸೋಜಿಗ.

ಜೂಡಿ ಡೆಂಚರ ಮಾತು ಬಂದಾಗ ಒಂದು ಅಸಮಾಧಾನವನ್ನು ಮಾತ್ರ ಹೇಳದೆ ಇರಲಾರೆ. ವೃದ್ಧ ಆಂಗ್ಲರು ಭಾರತಕ್ಕೆ ಬಂದು ನೆಲಸುವ ಕಥೆಯನ್ನು ಡೆಬೊರಾ ಮೊಗಾಕ್ 2004ರಲ್ಲಿ ಕಾದಂಬರಿಯಾಗಿ ಬರೆದಾಗ, ಅವರು ಇಳಿದುಕೊಂಡ ಹೋಟೆಲನ್ನು ನಮ್ಮ ಬೆಂಗಳೂರಿನಲ್ಲಿಯೇ ಕಟ್ಟಿದ್ದರು. ಜೂಡಿ ಡೆಂಚ್ ನಟಿಸಿದ ‘ದಿ ಬೆಸ್ಟ್ ಎಕ್ಸಾಟಿಕ್ ಮೇರಿಗೋಲ್ಡ್ ಹೋಟೆಲ್’ ಎಂಬ ಚಲನಚಿತ್ರವಾಗುವ ಹೊತ್ತಿಗೆ ಆ ಹೋಟೆಲು ಜೈಪುರಕ್ಕೆ ಹೊರಟುಹೋಗಿತ್ತು. ಅರಮನೆಗಳ ಸೊಬಗಿಗೆ ಅವರು ಸೋತಿದ್ದರೆ ಸೋಲಲಿ; ಆದರೆ ಚಿತ್ರದಲ್ಲಿ ಆ ಮಹಾನಟಿ ಕಾಲ್ ಸೆಂಟರಿನ ಹುಡುಗ ಹುಡುಗಿಯರಿಗೆ ಮಾತಿನ ಮರ್ಯಾದೆಯನ್ನು ಹೇಳಿಕೊಡುವ ಕೆಲಸಕ್ಕೆ ಸೇರುತ್ತಾರೆ. ಆ ಒಂದು ಕಾಲ್ ಸೆಂಟರನ್ನಾದರೂ ವೈಟ್‌ಫೀಲ್ಡಿನ ಹಾದಿಯಲ್ಲಿ ನಮಗೆ ಬಿಟ್ಟುಹೋಗಬಹುದಾಗಿತ್ತು.