ಹಾಡಿನ ರಾಶಿ ಯಾರ ಗಾಡಿಗೆ?

ಹೋದ ಸುಗ್ಗಿಯ ಹೊತ್ತಿಗೆ ನಮ್ಮ ಸ್ಕೂಲಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಓಡಿಬಂದು ಫೋನನ್ನು ನನ್ನ ಕಿವಿಗೆ ಹಿಡಿದ. "ಸಾ, ಇದು ನಿಮ್ ದೊಡ್ಡಪ್ನ ದನಿ ಅಲ್ವಾ?" ಹೌದು, ಅವರದೇ. ಏಕತಾರಿಯ ಶ್ರುತಿ, ದಮ್ಮಡಿಯ ಪೆಟ್ಟು, ಮೇಲಕ್ಕೆ ಏರುವಾಗ ಕೊಂಚ ಬಿರುಕು ಬಿಡುವ ಗಂಟಲು. 1986ರಲ್ಲಿ ದೊಡ್ಡಪ್ಪ ಬೆಂಗಳೂರಿಗೆ ಹೋಗಿ ಎರಡು ದಿನ ಒಂದು ಕ್ಯಾಸೆಟ್ ಕಂಪನಿಗೆ ಎಂಟು ತತ್ವಪದ ಹಾಡಿಕೊಟ್ಟು ಬಂದಿದ್ದರು. ಮುನ್ನೂರು ರೂಪಾಯಿ, ಬಸ್‌ಚಾರ್ಜು, ಮಧ್ಯಾಹ್ನದ ಊಟ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಅದರಲ್ಲೇನು ಬರೆದಿತ್ತೋ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಕ್ಯಾಸೆಟ್ಟು ಜಾತ್ರೆ ಜಾತ್ರೆಯಲ್ಲಿ ಮಾರಾಟವಾದದ್ದನ್ನು ನಾನೇ ಕಂಡಿದ್ದೇನೆ. ಈಗ ಅದೇ ಎಂಟು ಪದ ಫೋನಿನೊಳಗೆ ಬಂದು ಕೂತಿವೆ. ಹಾಡಿದವರು ಅನ್ನುವ ಜಾಗದಲ್ಲಿ ಕಂಪನಿಯ ಹೆಸರು. ಸಾಹಿತ್ಯ: ಜನಪದ. ಸಂಗೀತ: ಜನಪದ.

ಸಾಯಂಕಾಲ ದೊಡ್ಡಪ್ಪನಿಗೆ ಕೇಳಿಸಿದೆ. ಎಂಬತ್ತು ದಾಟಿದ ಜೀವ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಇಷ್ಟೇ: "ನನ್ ಗಂಟ್ಲು ಅವ್ರ ಪೆಟ್ಗೇಲಿ ಐತೆ. ಸರಿ. ನನ್ ಹೆಸ್ರು ಎಲ್ಲೋಯ್ತಪ್ಪಾ?"

ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿರುವಾಗಲೇ ಒಂದು ಕಮ್ಮಟದಲ್ಲಿ ಪೇಟೆಯ ಗೆಳೆಯರು ಇನ್ನೊಂದು ಪ್ರಶ್ನೆ ಎತ್ತಿದರು. ಹಾಡು ಕೇಳಿಸುವ ಆ್ಯಪುಗಳು ಹತ್ತಾರಿವೆಯಲ್ಲ, ಅವುಗಳಲ್ಲಿ ಕಲಾವಿದನಿಗೆ ನ್ಯಾಯ ಕೊಡುವುದು ಯಾವುದು, ನಾವು ಯಾವುದಕ್ಕೆ ದುಡ್ಡು ಕಟ್ಟಬೇಕು? ಹೊಟ್ಟೆ ತುಂಬಿದವರ ಚಿಂತೆ ಅಂತ ಕೆಲವರು ನಕ್ಕರು. ನಾನು ನಗಲಿಲ್ಲ. ಕೂಲಿಯ ಪ್ರಶ್ನೆ ಎಲ್ಲಿ ಎದ್ದರೂ ಅದು ನಮ್ಮ ಪ್ರಶ್ನೆಯೇ. ಗದ್ದೆಯ ಕೂಲಿಗೆ ಧರಣಿ ಕೂತವರು ಗಂಟಲಿನ ಕೂಲಿಯ ಮಾತು ಬಂದಾಗ ಮುಖ ತಿರುಗಿಸಬೇಕಾಗಿಲ್ಲ. ಆದರೆ ಪ್ರಶ್ನೆ ಕೇಳಿದ ರೀತಿ ನನಗೆ ಸರಿಕಾಣಲಿಲ್ಲ. ಅದು ಅಂಗಡಿಯ ಮುಂದೆ ನಿಂತ ಗಿರಾಕಿಯ ಪ್ರಶ್ನೆ. ಅಂಗಡಿಯ ಹಿಂದೆ ಏನು ನಡೆಯುತ್ತದೆ ಅಂತ ಮೊದಲು ನೋಡಬೇಕು.

ಈ ಧಂದೆಯಲ್ಲಿ ದೊಡ್ಡ ಧಣಿ ಸ್ಪಾಟಿಫೈ. 2006ರಲ್ಲಿ ಸ್ವೀಡನ್ನಿನಲ್ಲಿ ಡೇನಿಯಲ್ ಎಕ್ ಮತ್ತು ಮಾರ್ಟಿನ್ ಲೊರೆಂಟ್ಸನ್ ಕಟ್ಟಿದ ಕಂಪನಿ. 2008ರಲ್ಲಿ ಅಂಗಡಿ ತೆರೆಯಿತು, 2019ರಲ್ಲಿ ಭಾರತಕ್ಕೆ ಬಂತು. ಬಂದಾಗ ತಿಂಗಳಿಗೆ 119 ರೂಪಾಯಿ, ಜಾಹೀರಾತು ಸಹಿಸಿಕೊಳ್ಳುವವರಿಗೆ ಪುಕ್ಕಟೆ. ಬಂದ ಆದಾಯದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ಹಾಡಿನ ಹಕ್ಕುದಾರರಿಗೆ ಕೊಡುತ್ತೇವೆ ಅನ್ನುತ್ತದೆ ಕಂಪನಿ. 2024ರಲ್ಲಿ ಹಾಗೆ ಕೊಟ್ಟದ್ದು ಸಾವಿರ ಕೋಟಿ ಡಾಲರ್ ಅಂತ ತಾನೇ ಲೆಕ್ಕ ಹೇಳಿಕೊಂಡಿದೆ. ಕೇಳಿದರೆ ತಲೆ ತಿರುಗುವ ಮೊತ್ತ. ಹಾಗಾದರೆ ಅನ್ಯಾಯ ಎಲ್ಲಿದೆ?

ಕಣದಲ್ಲಿದೆ. ನಮ್ಮ ಓದುಗರಿಗೆ ಕಣದ ಲೆಕ್ಕ ಬೇಗ ಅರ್ಥವಾಗುತ್ತದೆ, ಹಾಗೇ ಹೇಳುತ್ತೇನೆ. ಒಂದು ದೇಶದ ಗಿರಾಕಿಗಳೆಲ್ಲ ಕಟ್ಟಿದ ದುಡ್ಡನ್ನು ಒಂದೇ ರಾಶಿ ಹಾಕುತ್ತಾರೆ. ಆ ತಿಂಗಳು ಒಟ್ಟು ಎಷ್ಟು ಸಲ ಹಾಡು ತಿರುಗಿತು, ಅದರಲ್ಲಿ ನಿನ್ನದೆಷ್ಟು, ಅದೇ ಪ್ರಮಾಣದಲ್ಲಿ ನಿನ್ನ ಪಾಲು. ಕೇಳಲಿಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಈಗ ಲೆಕ್ಕ ಮಾಡಿ. ಇಬ್ಬರೇ ಗಿರಾಕಿಗಳು ಅಂತಿಟ್ಟುಕೊಳ್ಳಿ, ತಲಾ ನೂರು ರೂಪಾಯಿ ಕಟ್ಟಿದ್ದಾರೆ. ನಾನು ತಿಂಗಳೆಲ್ಲ ಒಬ್ಬ ತತ್ವಪದದವನನ್ನು ಹತ್ತು ಸಲ ಕೇಳಿದೆ, ಬೇರೇನೂ ಕೇಳಲಿಲ್ಲ. ಇನ್ನೊಬ್ಬನದು ಹೋಟೆಲು. ಬೆಳಿಗ್ಗೆಯಿಂದ ರಾತ್ರಿವರೆಗೆ ಸಿನಿಮಾ ಹಾಡು ಹಾಕಿ ಬಿಟ್ಟಿದ್ದಾನೆ, 990 ಸಲ ತಿರುಗಿತು. ಇನ್ನೂರರಲ್ಲಿ ಕಂಪನಿ ತನ್ನ ಮೂರನೇ ಒಂದು ಪಾಲು ತೆಗೆದುಕೊಂಡರೆ ಉಳಿದದ್ದು 133 ರೂಪಾಯಿ ಚಿಲ್ಲರೆ. ಅದರಲ್ಲಿ ತತ್ವಪದದವನಿಗೆ ಸಾವಿರದಲ್ಲಿ ಹತ್ತು, ಅಂದರೆ ಒಂದು ರೂಪಾಯಿ ಮೂವತ್ತಮೂರು ಪೈಸೆ. ನಾನು ಅವನಿಗಾಗಿಯೇ ಕಟ್ಟಿದ ನೂರು ರೂಪಾಯಿ ಎಲ್ಲಿ ಹೋಯಿತು? ನಾನು ಜನ್ಮದಲ್ಲಿ ಕೇಳದ ಸಿನಿಮಾ ಹಾಡಿನ ಒಡೆಯನ ಗಾಡಿಗೆ ಹೋಯಿತು. ಕಣದ ಮೂಲೆಯಲ್ಲಿ ನಿಂತವನಿಗೆ ಮೊರದ ತುದಿಯ ಜೊಳ್ಳು.

ಇನ್ನೂ ಒಂದಿದೆ. ಆ ಪಾಲು ಹೋಗುವುದು ಹಕ್ಕುದಾರನಿಗೆ, ಹಾಡುಗಾರನಿಗೆ ಅಲ್ಲ. ಹಕ್ಕುದಾರ ಅಂದರೆ ಬಹುಪಾಲು ರೆಕಾರ್ಡು ಕಂಪನಿ. ಜಗತ್ತಿನ ಸಂಗೀತದ ದೊಡ್ಡ ಪಾಲನ್ನು ಕೈಯಲ್ಲಿ ಹಿಡಿದಿರುವ ಯೂನಿವರ್ಸಲ್, ಸೋನಿ, ವಾರ್ನರ್ ಈ ಮೂರೂ ಕಂಪನಿಗಳು ಸ್ಪಾಟಿಫೈಯ ಶುರುವಿನ ದಿನಗಳಲ್ಲಿ ಅದರ ಷೇರನ್ನೇ ಇಟ್ಟುಕೊಂಡಿದ್ದವು. ತೂಗುವವನೂ ಕೊಳ್ಳುವವನೂ ಒಂದೇ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡ ಹಾಗೆ. ಕಂಪನಿಯವರು ತಮ್ಮ ಪಾಲು ಹಿಡಿದುಕೊಂಡು, ಕೊಟ್ಟ ಮುಂಗಡ ಮುರಿದುಕೊಂಡು, ಆಮೇಲೆ ಉಳಿದದ್ದನ್ನು ಹಾಡುಗಾರನಿಗೆ ಕೊಡುತ್ತಾರೆ. ಮುಂಗಡ ತೀರದೆ ಜೀತಕ್ಕೆ ಬಿದ್ದವರ ಕಥೆ ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2024ರಿಂದ ಸ್ಪಾಟಿಫೈ ಹೊಸ ಕಾನೂನು ತಂದಿತು. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ತಿರುಗದ ಹಾಡಿಗೆ ರೆಕಾರ್ಡಿಂಗಿನ ರಾಯಧನ ಇಲ್ಲ. ಆ ಚಿಲ್ಲರೆ ಹೇಗೂ ಕಲಾವಿದನ ಕೈಗೆ ಮುಟ್ಟುವುದಿಲ್ಲ, ಬ್ಯಾಂಕಿನ ಖರ್ಚಿಗೇ ಸವೆದುಹೋಗುತ್ತದೆ ಅನ್ನುವುದು ಅವರ ಸಮಜಾಯಿಷಿ. ಇರಬಹುದು. ಆದರೆ ಆ ಚಿಲ್ಲರೆಯನ್ನು ತಿರುಗಿ ರಾಶಿಗೇ ಸುರಿಯುತ್ತಾರಲ್ಲ, ಅಲ್ಲಿಂದ ಅದು ದೊಡ್ಡವರ ಗಾಡಿಗೇ ಏರುತ್ತದಲ್ಲ! ಕುಯಿಲು ಮುಗಿದ ಹೊಲದಲ್ಲಿ ಹಕ್ಕಲು ಆಯುವ ಮುದುಕಿಯ ಮಡಿಲು ಕೊಡವಿಸಿಕೊಂಡ ಗೌಡನನ್ನು ನಾವು ಕಂಡಿದ್ದೇವೆ. ಇವರು ಸೂಟು ಹಾಕಿಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ಇದು ಸಾಲದು ಅಂತ 2020ರಲ್ಲಿ ಇನ್ನೊಂದು ಉಪಾಯ ಹೊರಬಂತು. ನಿನ್ನ ರಾಯಧನದಲ್ಲಿ ಒಂದಿಷ್ಟು ಬಿಟ್ಟುಕೊಡು, ನಿನ್ನ ಹಾಡನ್ನು ಜನರ ಕಿವಿಯ ಮುಂದೆ ಜಾಸ್ತಿ ತಳ್ಳುತ್ತೇವೆ ಅನ್ನುವ 'ಡಿಸ್ಕವರಿ ಮೋಡ್'. ಎಲ್ಲರೂ ಬಿಟ್ಟುಕೊಟ್ಟ ಮೇಲೆ ಯಾರೂ ಮುಂದೆ ಬರುವುದಿಲ್ಲ, ಎಲ್ಲರ ಕೂಲಿಯೂ ಇಳಿದಿರುತ್ತದೆ.

ಅಮೆರಿಕದ ಸಂಗೀತಗಾರರು ಸುಮ್ಮನೆ ಕೂತಿಲ್ಲ. ಅಲ್ಲಿನ ಸಂಗೀತಗಾರರು ಮತ್ತು ಜೊತೆ ಕೆಲಸಗಾರರ ಸಂಘ 2020ರಲ್ಲಿ ಚಳವಳಿ ಹೂಡಿತು. ಬೇಡಿಕೆ ಸರಳ: ಒಂದು ಸಲ ತಿರುಗಿದರೆ ಒಂದು ಸೆಂಟು. 2021ರ ಮಾರ್ಚಿನಲ್ಲಿ ಹಲವು ನಗರಗಳಲ್ಲಿ ಸ್ಪಾಟಿಫೈ ಕಚೇರಿಗಳ ಮುಂದೆ ಪ್ರತಿಭಟನೆ ನಡೆಯಿತು. 2024ರಲ್ಲಿ ರಶೀದಾ ತ್ಲೈಬ್, ಜಮಾಲ್ ಬೋಮನ್ ಎಂಬ ಇಬ್ಬರು ಸಂಸದರು ಸಂಗೀತಗಾರರಿಗೆ ಬದುಕುವಷ್ಟು ಕೂಲಿ ಕೊಡಿಸುವ ಮಸೂದೆಯನ್ನೇ ಮಂಡಿಸಿದರು. ಬಣ್ಣದ ಬೆಳಕಿನಲ್ಲಿ ನಿಂತು ಹಾಡುವವರೂ ತಮ್ಮನ್ನು ಕೆಲಸಗಾರರು ಅಂತ ಕರೆದುಕೊಂಡರಲ್ಲ, ಇಡೀ ಕಥೆಯಲ್ಲಿ ನನಗೆ ಹಿಡಿಸಿದ ಸಂಗತಿ ಅದು. ನಮ್ಮಲ್ಲಿ ಇನ್ನೂ ಕಲಾವಿದ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ.

ರಾಶಿ ಹಾಕುವುದೇ ತಪ್ಪು, ಒಬ್ಬೊಬ್ಬ ಗಿರಾಕಿಯ ದುಡ್ಡು ಅವನು ಕೇಳಿದವರಿಗೇ ಹೋಗಲಿ ಎಂಬ ವಾದವಿದೆ. ಮೇಲಿನ ಲೆಕ್ಕದಲ್ಲಿ ತತ್ವಪದದವನಿಗೆ ಆಗ ಅರವತ್ತಾರು ರೂಪಾಯಿ ಸಿಗುತ್ತದೆ. 2021ರಲ್ಲಿ ಸೌಂಡ್‌ಕ್ಲೌಡ್ ಎಂಬ ಕಂಪನಿ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿತು. ತತ್ವವಾಗಿ ನಾನು ಇದನ್ನೇ ಒಪ್ಪುತ್ತೇನೆ. ಆದರೆ ಅದೇ ವರ್ಷ ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರ ಲೆಕ್ಕ ಹಾಕಿ ನೋಡಿದಾಗ, ಮೊದಲ ಹತ್ತು ಸಾವಿರ ಕಲಾವಿದರ ಆಚೆಗಿರುವವರಿಗೆ ಈ ಬದಲಾವಣೆಯಿಂದ ಸಿಗುವುದು ಸರಾಸರಿ ವರ್ಷಕ್ಕೆ ಕೆಲವೇ ಯೂರೋ ಅಂತ ಕಂಡಿತು. ನನ್ನ ಹೋಟೆಲಿನ ಉದಾಹರಣೆ ಅರ್ಥ ಮಾಡಿಕೊಳ್ಳಲಿಕ್ಕೆ ಚೆಂದ, ವಾಸ್ತವ ಅಷ್ಟು ಚೆಂದವಾಗಿಲ್ಲ. ಬಡ ಹಾಡುಗಾರರು ಲಕ್ಷಗಟ್ಟಲೆ ಇದ್ದಾರೆ, ಕೇಳುವವರು ಒಬ್ಬೊಬ್ಬರಿಗೆ ಹತ್ತೋ ಇಪ್ಪತ್ತೋ. ಹಂಚುವ ವಿಧಾನ ಬದಲಾದ ಮಾತ್ರಕ್ಕೆ ಭೂಮಿ ಕೈ ಬದಲಾಗುವುದಿಲ್ಲ. 2023ರಲ್ಲಿ ಡೀಜರ್ ಎಂಬ ಫ್ರೆಂಚ್ ಕಂಪನಿ 'ಕಲಾವಿದ ಕೇಂದ್ರಿತ' ಅಂತ ದೊಡ್ಡ ಹೆಸರಿಟ್ಟು ತಂದ ಪದ್ಧತಿ ಇನ್ನೂ ಸೊಗಸು. ತಿಂಗಳಿಗೆ ಐನೂರು ಬೇರೆ ಬೇರೆ ಕೇಳುಗರಿಂದ ಸಾವಿರ ಸಲ ಕೇಳಿಸಿಕೊಂಡವನಿಗೆ ದುಪ್ಪಟ್ಟು ತೂಕ. ಇದ್ದವನಿಗೇ ಇನ್ನೊಂದು ಸೇರು.

ಹಾಗಾದರೆ ಬ್ಯಾಂಡ್‌ಕ್ಯಾಂಪ್ ಅಂದರು ಕಮ್ಮಟದ ಗೆಳೆಯರು. ಸರಿ. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಅಂಗಡಿಯಲ್ಲಿ ಹಾಡನ್ನು ನೇರವಾಗಿ ಹಾಡಿದವರಿಂದ ಕೊಳ್ಳಬಹುದು. ನೂರಕ್ಕೆ ಹದಿನೈದು ಕಂಪನಿಗೆ, ಕಾರ್ಡಿನ ಖರ್ಚು ಕಳೆದು ಉಳಿದದ್ದು ಹಾಡಿನವರಿಗೆ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲಕ್ಕೆ, ಒಂದು ಶುಕ್ರವಾರ ಆ ಹದಿನೈದನ್ನೂ ಬಿಟ್ಟರು, ಆಮೇಲೆ ಅಂಥ ಶುಕ್ರವಾರಗಳನ್ನು ಆಗಾಗ ಮಾಡಿದರು. ಹಾಡುಗಾರರು ಇದನ್ನು ತಮ್ಮ ಮನೆ ಅಂತ ನಂಬಿದರು. 2022ರಲ್ಲಿ ಧಣಿ ಅದನ್ನು ಎಪಿಕ್ ಗೇಮ್ಸ್ ಎಂಬ ಕಂಪ್ಯೂಟರ್ ಆಟದ ಕಂಪನಿಗೆ ಮಾರಿದ. 2023ರಲ್ಲಿ ಅಲ್ಲಿನ ನೌಕರರು ಸಂಘ ಕಟ್ಟಿದರು. ಅದೇ ವರ್ಷ ಎಪಿಕ್ ಅದನ್ನು ಸಾಂಗ್‌ಟ್ರೇಡರ್ ಎಂಬ ಇನ್ನೊಬ್ಬರಿಗೆ ಮಾರಿತು, ಅಕ್ಟೋಬರಿನಲ್ಲಿ ಅರ್ಧಕ್ಕರ್ಧ ನೌಕರರು ಮನೆಗೆ ಹೋದರು. ಧಣಿ ಒಳ್ಳೆಯವನು ಅನ್ನುವ ಮಾತಿಗೆ ಅವನು ಮಾರುವ ದಿನದವರೆಗೆ ಬೆಲೆ. ಇಷ್ಟಾದರೂ ಇವತ್ತಿನ ದಿನ ಹಾಡುಗಾರನಿಗೆ ನಾಲ್ಕು ಕಾಸು ನೇರವಾಗಿ ಮುಟ್ಟಿಸುವ ದಾರಿಗಳಲ್ಲಿ ಅದೇ ವಾಸಿ ಅಂತಲೇ ನನ್ನ ಅಭಿಪ್ರಾಯ.

ಸಹಕಾರ ಸಂಘದ ದಾರಿಯನ್ನೂ ಹಿಡಿದು ನೋಡಿದ್ದಾರೆ. ಯುರೋಪಿನ ರೆಸೊನೇಟ್ ಎಂಬ ಸಂಘದಲ್ಲಿ ಹಾಡುವವರೂ ಕೇಳುವವರೂ ಕೆಲಸದವರೂ ಸದಸ್ಯರಾಗಿದ್ದರು. ಮೊದಲ ಸಲ ಕೇಳಿದರೆ ಪುಡಿಗಾಸು, ಪ್ರತಿ ಸಲ ಅದು ದುಪ್ಪಟ್ಟು, ಒಂಬತ್ತು ಸಲ ಆದಮೇಲೆ ಹಾಡು ಕೇಳುಗನದೇ. ಎಷ್ಟು ಒಳ್ಳೆಯ ಯೋಚನೆ! ಆದರೆ ಜನ ಸೇರಲಿಲ್ಲ. ಜನಕ್ಕೆ ಎಲ್ಲ ಹಾಡೂ ಒಂದೇ ಕಡೆ ಬೇಕು, ಪುಕ್ಕಟೆ ಬೇಕು. ನಾವೂ ಅದೇ ಜನ.

ಡೇನಿಯಲ್ ಎಕ್ ತನ್ನ ಹೂಡಿಕೆ ಸಂಸ್ಥೆಯ ಮೂಲಕ ಹೆಲ್ಸಿಂಗ್ ಎಂಬ ಜರ್ಮನಿಯ ಯುದ್ಧತಂತ್ರಜ್ಞಾನ ಕಂಪನಿಗೆ 2021ರಲ್ಲಿ ಹತ್ತು ಕೋಟಿ ಯೂರೋ ಹಾಕಿದ. 2025ರಲ್ಲಿ ಅದೇ ಕಂಪನಿಗೆ ಅರವತ್ತು ಕೋಟಿ ಯೂರೋ ಕೂಡಿಸುವ ಸುತ್ತಿಗೆ ಅವನದೇ ಮುಂದಾಳತ್ವ. ದುಡ್ಡು ಸ್ಪಾಟಿಫೈಯದಲ್ಲ, ಅವನ ಸ್ವಂತದ್ದು ಅನ್ನುವವರಿದ್ದಾರೆ. ಆ ಸ್ವಂತದ್ದು ಎಲ್ಲಿಂದ ಬಂತು ಅನ್ನುವುದನ್ನು ಅವರು ಹೇಳುವುದಿಲ್ಲ. ಡೀರ್‌ಹೂಫ್, ಮ್ಯಾಸಿವ್ ಅಟ್ಯಾಕ್‌ನಂಥ ತಂಡಗಳು ಯುದ್ಧಕ್ಕೆ ಹಾಡು ಕೊಡೆವು ಅಂತ ಅಲ್ಲಿಂದ ಹೊರಬಂದವು. ಅವರಿಗೆ ನಮಸ್ಕಾರ. ಹೊರಬರಲು ಹಾಡು ತಮ್ಮ ಕೈಯಲ್ಲಿರಬೇಕಲ್ಲ. ನಮ್ಮ ದೊಡ್ಡಪ್ಪ ಹೊರಬರುತ್ತೇನೆ ಅಂದರೂ ಬರಲಿಕ್ಕಾಗುವುದಿಲ್ಲ.

ಯಾಕೆ ಆಗುವುದಿಲ್ಲ ಅಂತ ಕಾನೂನನ್ನು ಓದಿ ನೋಡಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರೆಕಾರ್ಡಿಂಗಿನ ಒಡೆಯ ಅದನ್ನು ತಯಾರು ಮಾಡಿಸಿದವನು. ಹೊರಬಂದ ಮರುವರ್ಷದಿಂದ ಅರವತ್ತು ವರ್ಷ. 1986ರ ಕ್ಯಾಸೆಟ್ಟು 2046ರ ಕೊನೆಯವರೆಗೂ ಕಂಪನಿಯ ಆಸ್ತಿ. ಹಾಡಿದವನಿಗೂ ಹಕ್ಕಿದೆ ಅಂತ ನಮ್ಮ ಕಾಯ್ದೆ ಒಪ್ಪಿಕೊಂಡದ್ದೇ 1994ರ ತಿದ್ದುಪಡಿಯಲ್ಲಿ. 2012ರ ತಿದ್ದುಪಡಿ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದಲ್ಲಿ ಸಮಪಾಲು ಅಂದಿತು. ಆ ಹಕ್ಕನ್ನು ಅವರು ಬರೆದುಕೊಡುತ್ತೇನೆ ಅಂದರೂ ಕಂಪನಿ ಬರೆಸಿಕೊಳ್ಳುವಂತಿಲ್ಲ ಎಂದಿತು. ಒಳ್ಳೆಯ ಕಾನೂನೇ. ಆದರೆ ನಮ್ಮ ತತ್ವಪದಕ್ಕೆ, ನೀಲಗಾರರ ಕಥೆಗೆ, ಚೌಡಿಕೆ ಪದಕ್ಕೆ ಬರೆದವರು ಯಾರು? ಜನಪದ. ಆ ಒಂದು ಪದದೊಳಗೆ ತಲೆತಲಾಂತರದ ಗಂಟಲುಗಳನ್ನು ಹೂತು ಮೇಲೆ ಕಂಪನಿ ತನ್ನ ಬೋರ್ಡು ನೆಟ್ಟಿದೆ. ವಿಶ್ವವಿದ್ಯಾಲಯದ ಪಂಡಿತರೂ ಇದೇ ಪದವನ್ನು ಜಪಿಸುತ್ತಾ ಹಾಡಿದವಳ ಹೆಸರನ್ನು ಅಡಿಟಿಪ್ಪಣಿಗೆ ತಳ್ಳಿದರು.

ಇನ್ನು ನಮ್ಮವರ ಕಡೆಯ ಮಾತು. ಎಪ್ಪತ್ತು ಎಂಬತ್ತರ ದಶಕದಲ್ಲಿ ಹೋರಾಟದ ಹಾಡುಗಳು ಕೇರಿಯಿಂದ ಕೇರಿಗೆ ಬಾಯಿಂದ ಬಾಯಿಗೆ ಹೋದವು. ಯಾರೂ ರಾಯಧನ ಕೇಳಲಿಲ್ಲ, ಕೇಳಿದ್ದರೆ ಅವು ಹೋಗುತ್ತಲೂ ಇರಲಿಲ್ಲ. ಆದ್ದರಿಂದ ಹಾಡಿಗೆ ಕಾಸಿನ ಮಾತಾಡುವುದೇ ಹೋರಾಟಕ್ಕೆ ದ್ರೋಹ ಅಂತ ಹಿರಿಯ ಸಂಗಾತಿಯೊಬ್ಬರು ಕಮ್ಮಟದಲ್ಲಿ ಗದರಿದರು. ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಜನಕ್ಕೆ ಪುಕ್ಕಟೆ ಕೊಟ್ಟದ್ದು ಬೇರೆ, ಕಂಪನಿಗೆ ಪುಕ್ಕಟೆ ಬಿದ್ದದ್ದು ಬೇರೆ. ಅದೇ ಹಾಡುಗಳನ್ನು ಯಾರೋ ಯೂಟ್ಯೂಬಿಗೆ ಏರಿಸಿದ್ದಾರೆ. ಭೂಮಿ ಕೇಳುವ ಸಾಲಿಗೂ ನ್ಯಾಯ ಕೇಳುವ ಸಾಲಿಗೂ ನಡುವೆ ಚಿನ್ನದಂಗಡಿಯ ಜಾಹೀರಾತು ಓಡುತ್ತದೆ. ಆ ಜಾಹೀರಾತಿನ ದುಡ್ಡು ಕೇರಿಗೆ ಬಂತೇ? ಅಲ್ಲಿ ಪಾಲು ಸಿಗಬೇಕಾದರೂ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ನೋಡುವಿಕೆ ಬೇಕು. ಒಂದು ಹಳ್ಳಿಯ ತಮಟೆ ತಂಡಕ್ಕೆ ಅದು ಸುಲಭದ ಮಾತಲ್ಲ. ಅದಕ್ಕಿಂತ ಮುಖ್ಯ, ಆ ತಂಡದ ಹುಡುಗರನ್ನು ನಾವೇ ನಮ್ಮ ಸಮಾವೇಶಗಳಿಗೆ ಕರೆಸಿ, ಮೆರವಣಿಗೆಯಲ್ಲಿ ನಾಲ್ಕು ಮೈಲಿ ಬಡಿಸಿ, ಊಟದ ಚೀಟಿ ಕೊಟ್ಟು ಕಳಿಸುತ್ತೇವೆ. ಭಾಷಣಕಾರನಿಗೆ ಕಾರು. ಸ್ಪಾಟಿಫೈಯನ್ನು ಬೈಯುವ ಮೊದಲು ಈ ಲೆಕ್ಕಪುಸ್ತಕವನ್ನೂ ತೆಗೆಯಬೇಕಾಗುತ್ತದೆ.

ಗೆಳೆಯರ ಪ್ರಶ್ನೆಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ದುಡ್ಡು ಕಟ್ಟಲು ಶಕ್ತಿ ಇದ್ದವರು ಕಟ್ಟಿ ಕೇಳಿ, ಪುಕ್ಕಟೆ ಕೇಳಿದರೆ ಹಾಡುಗಾರನಿಗೆ ಹೋಗುವುದು ಇನ್ನೂ ಕಡಿಮೆ. ಆದರೆ ತಿಂಗಳ ಚಂದಾ ಕಟ್ಟಿದ ಮಾತ್ರಕ್ಕೆ ಋಣ ತೀರಿತು ಅಂದುಕೊಳ್ಳಬೇಡಿ. ಮೆಚ್ಚಿದ ಹಾಡುಗಾರ ನೇರವಾಗಿ ಮಾರುತ್ತಿದ್ದರೆ ನೇರವಾಗಿ ಕೊಳ್ಳಿ. ಊರಲ್ಲೇ ಇದ್ದರೆ ಕರೆಸಿ ಹಾಡಿಸಿ, ಮೊದಲೇ ಮಾತಾಡಿದ ಕೂಲಿಯನ್ನು ಎಲ್ಲರೆದುರು ಕೊಡಿ. ರೆಕಾರ್ಡು ಮಾಡುವವರು ಬಂದರೆ ಕಾಗದ ಓದಿ ಹೇಳುವ ಮೇಷ್ಟ್ರು ಪಕ್ಕದಲ್ಲಿ ಕೂತಿರಲಿ.

ನಮ್ಮ ಸ್ಕೂಲಿನ ಹುಡುಗರು ಈಗ ದೊಡ್ಡಪ್ಪನನ್ನು ಭಾನುವಾರ ಭಾನುವಾರ ಹಾಡಿಸಿ ಫೋನಿನಲ್ಲಿ ಹಿಡಿದಿಡುತ್ತಿದ್ದಾರೆ. ದನಿ ಮೊದಲಿನಂತಿಲ್ಲ, ಎರಡು ಪದಕ್ಕೇ ಉಸಿರು ಕಟ್ಟುತ್ತದೆ. ಒಂದೊಂದು ಪದದ ಶುರುವಿನಲ್ಲೂ ಅವರು ತಮ್ಮ ಹೆಸರು, ಕಲಿಸಿದ ಗುರುವಿನ ಹೆಸರು, ಆ ಗುರುವಿನ ತಾಯಿಯ ಹೆಸರು ಹೇಳಿ ಆಮೇಲೆ ಏಕತಾರಿ ಮೀಟುತ್ತಾರೆ. ಕ್ಯಾಸೆಟ್ಟಿನಲ್ಲಿದ್ದ ಎಂಟರಲ್ಲಿ ಐದು ಪದ ಆಗಿವೆ. ಇನ್ನು ಮೂರು ಉಳಿದಿವೆ.