ಬಿದರಿಯ ಕಪ್ಪು, ಪರದೇಶದ ಹೂವು

ಹೂವಿನಹಡಗಲಿ ಸೀಮೆಯ ಇಟ್ಟಿಗಿಯಲ್ಲಿ ನಮ್ಮವ್ವ ಬೆಳ್ಳಿಯ ಕರಡಿಗೆಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು. ಬೆಳ್ಳಿ ಕಪ್ಪಿಟ್ಟರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಅದನ್ನೇ ನೋಡುತ್ತ ಬೆಳೆದ ನನಗೆ ಬೀದರಿನ ಕುಶಲಿಗಳು ಮಾಡುವ ಬಿದರಿಯ ಪಾತ್ರೆ ಮೊದಲ ಸಲ ಕೈಗೆ ಬಂದಾಗ ಅಚ್ಚರಿಯಾಯಿತು. ಅಲ್ಲಿ ಕಪ್ಪು ತಿಕ್ಕಿ ತೆಗೆಯುವ ಕೊಳೆಯಲ್ಲ, ಬೇಕೆಂದೇ ಬರಿಸಿದ ಬಣ್ಣ. ಬಿದರಿಯನ್ನು ಮೆಚ್ಚುವವರು ಸಾಮಾನ್ಯವಾಗಿ ಬೆಳ್ಳಿಯ ಕುಸುರಿಯನ್ನು ಮೆಚ್ಚುತ್ತಾರೆ. ಈ ಪರಂಪರೆಯ ದೊಡ್ಡ ಸಾಧನೆ ಆ ಕಪ್ಪಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಬಿದರಿಯ ಮೈ ಬೆಳ್ಳಿಯದಲ್ಲ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪಾಗಿಸಿಕೊಂಡು, ಚೂಪು ಮೊನೆಯಿಂದ ಚಿತ್ರ ಬರೆಯುತ್ತಾರೆ. ಆ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಅರ ಹಾಕಿದಾಗ ಸತುವಿನ ಬಿಳುಪಿನಲ್ಲಿ ಬೆಳ್ಳಿಯ ಬಿಳುಪು ಬೆರೆತು, ಇಷ್ಟು ಹೊತ್ತು ದುಡಿದ ಚಿತ್ರವೇ ಮರೆಯಾದಂತಾಗುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಪಾತ್ರೆಯನ್ನು ಕಾಯಿಸುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಚಿತ್ರವೇನೋ ಹೊರಗಿನಿಂದ ಬಂದದ್ದು. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಿಗಳು ಈ ಕೆಲಸ ತಂದರೆಂಬುದು ಬೀದರಿನ ನಂಬಿಕೆ. ಉಳಿದು ಬಂದಿರುವ ಹಳೆಯ ಪಾತ್ರೆಗಳು ಹೆಚ್ಚಾಗಿ 17ನೇ ಶತಮಾನದಿಂದ ಈಚಿನವು: ಹುಕ್ಕಾದ ಬುಡ, ಹೂಜಿ, ಕೈತೊಳೆಯುವ ಬೋಗುಣಿ, ಎಲೆ-ಅಡಿಕೆಯ ಡಬ್ಬಿ. ಅವುಗಳ ಮೇಲಿನ ಗಸಗಸೆ ಗಿಡ ಪರ್ಷಿಯಾ, ಮೊಗಲ್ ಅಲಂಕಾರಗಳ ಬಳಗದ್ದು. ಆದರೆ ಕಪ್ಪಿನಲ್ಲಿ ಬೆಳಕು ಹುದುಗಿಸುವ ರುಚಿ ಆ ಊರಿನಲ್ಲಿ ಬೇರೂರಿತ್ತು. 16ನೇ ಶತಮಾನದಲ್ಲಿ ಬೀದರಿನ ಅರಸ ಅಲಿ ಬರೀದ್ ಶಾಹ ಸಿಂಗರಿಸಿದ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿರುವುದನ್ನು ನೋಡಿದವರಿಗೆ ಬಿದರಿಯ ನೆನಪು ತಾನಾಗಿಯೇ ಬರುತ್ತದೆ. ಹೂವು ಪರದೇಶದ್ದಾದರೂ ಅದು ಅರಳಿದ ಕತ್ತಲು ಬೀದರಿನದೇ.

ಹೊರಗಿನ ಅಲಂಕಾರವನ್ನು ತನ್ನದಾಗಿಸಿಕೊಳ್ಳುವ ಇಂಥದೇ ಒಂದು ಪ್ರಯೋಗ ಅಮೆರಿಕದಲ್ಲಿಯೂ ನಡೆಯಿತು; ಅಲ್ಲಿಗೆ ಅಲಂಕಾರ ಬಂದದ್ದು ಜಪಾನಿನಿಂದ. 1876ರಲ್ಲಿ ಜಪಾನ್ ಸರ್ಕಾರ ಸಾಮುರಾಯಿಗಳು ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿಯ ಹಿಡಿಕೆಗೆ ಲೋಹದ ಕುಸುರಿ ಮಾಡುತ್ತಿದ್ದವರಲ್ಲಿ ಅನೇಕರು ರಫ್ತಿನ ಹೂದಾನಿಗಳತ್ತ ಹೊರಳಿದರು. ನ್ಯೂಯಾರ್ಕಿನ ಟಿಫನಿ ಕಂಪನಿಯಲ್ಲಿ ಬೆಳ್ಳಿ ಕೆಲಸದ ಹೊಣೆ ಹೊತ್ತಿದ್ದ ಎಡ್ವರ್ಡ್ ಮೂರ್ ಜಪಾನಿನ ವಸ್ತುಗಳನ್ನು ಕೂಡಿಹಾಕಿ ಲೋಹಕ್ಕೆ ಲೋಹ ಬೆಸೆಯುವ ವಿಧಾನವನ್ನು ಅಭ್ಯಾಸ ಮಾಡಿದ. ಸುತ್ತಿಗೆಯ ಗುರುತು ಹಾಗೇ ಬಿಟ್ಟ ಬೆಳ್ಳಿಯ ಹೂಜಿಯ ಮೇಲೆ ತಾಮ್ರದ ಮೀನು, ಸೋರೆಬಳ್ಳಿ ಮೂಡಿದವು. ಶುದ್ಧತೆಯ ಮುದ್ರೆ ಬೀಳುವ ಬೆಳ್ಳಿಗೆ ಹೀಗೆ ಕೀಳು ಲೋಹ ಸೇರಿಸಲು ಇಂಗ್ಲೆಂಡಿನ ಕಾನೂನು ಬಿಡುತ್ತಿರಲಿಲ್ಲ. ಅಮೆರಿಕದವರಿಗೆ ಆ ತಡೆ ಇರಲಿಲ್ಲ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಟಿಫನಿಯ ಬೆಳ್ಳಿಗೆ ಅತ್ಯುನ್ನತ ಬಹುಮಾನ ಬಂತು. ಅದೇ ಕಾಲದಲ್ಲಿ ಯುರೋಪಿನ ಆಕಾರದ ಚಮಚಗಳ ಮೇಲೆ ಬೀಸಣಿಗೆ, ಬಿದಿರು, ಕೊಕ್ಕರೆಗಳನ್ನು ಸುಮ್ಮನೆ ಕೆತ್ತಿ ಜಪಾನಿ ಶೈಲಿ ಎಂದು ಮಾರಿದವರೂ ಇದ್ದರು. ಮೂರ್ ಜಪಾನಿನ ಕೈಚಳಕವನ್ನೇ ಕಲಿಯಲು ಹೊರಟಿದ್ದ, ಇವರು ಚಿತ್ರವನ್ನಷ್ಟೇ ನಕಲು ಮಾಡಿದರು. ಎರವಲು ತಂದ ಅಲಂಕಾರವನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ.

ಅದೇ ಅಳತೆಗೋಲನ್ನು ಬಿದರಿಗೂ ಹಿಡಿಯಬೇಕು. ಹಳೆಯ ಒಳ್ಳೆಯ ಪಾತ್ರೆಗಳಲ್ಲಿ ಗಸಗಸೆಯ ದಂಟು ಪಾತ್ರೆಯ ಉಬ್ಬಿನ ಜೊತೆಗೇ ಬಾಗುತ್ತದೆ, ಗಿಡದ ಸುತ್ತ ಕಪ್ಪು ಬಯಲಿನಂತೆ ಹರಡಿರುತ್ತದೆ. ಮುಂದಿನ ಕಾಲದ ಎಷ್ಟೋ ಪಾತ್ರೆಗಳಲ್ಲಿ ಸಣ್ಣ ಹೂವಿನ ಜಾಲರಿ ಇಡೀ ಮೈಯನ್ನು ಮುಚ್ಚಿತು. ಕೈಕೆಲಸ ಹೆಚ್ಚಿತು, ಕಪ್ಪಿಗೆ ಉಸಿರಾಡಲು ಜಾಗ ಉಳಿಯಲಿಲ್ಲ. ಇಂದು ಕೀಲಿಗೊಂಚಲು, ಪೆನ್ನಿನ ಸ್ಟ್ಯಾಂಡು, ಕಿವಿಯೋಲೆಗಳಾಗಿ ಬಿದರಿ ಕುಗ್ಗಿದೆ. ಅಂಗೈಯಗಲದ ವಸ್ತುವಿನಲ್ಲಿ ದಂಟು ಎಲ್ಲಿ ಬಾಗಬೇಕು?

ಇದಕ್ಕೆ ಕುಶಲಿಗಳನ್ನು ದೂರುವುದು ನ್ಯಾಯವಲ್ಲ. ಬೆಳ್ಳಿ ದುಬಾರಿ, ಕೊಳ್ಳುವವರು ಕೇಳುವುದು ಸಣ್ಣ ಉಡುಗೊರೆಯನ್ನು. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು ಸಿಕ್ಕಿತು; 2023ರಲ್ಲಿ ಬೀದರಿನ ಬಿದರಿ ಕುಶಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆ ಗೌರವಗಳು ಬರಲೇಬೇಕಿತ್ತು. ಆದರೆ ದೊಡ್ಡ ಪಾತ್ರೆ ಮಾಡುವ ಕೈಗೆ ಬೇಕಾಗಿರುವುದು ದೊಡ್ಡ ಪಾತ್ರೆಯನ್ನು ಬಳಸುವ ಮನೆ.

ನಮ್ಮ ಸೀಮೆಯ ಮದುವೆಗಳಲ್ಲಿ ಬಂದವರ ಮುಂದೆ ಎಲೆ-ಅಡಿಕೆ ತಟ್ಟೆ ಇಡುವುದು ಇನ್ನೂ ನಿಂತಿಲ್ಲ. ಮುಂದಿನ ಸಲ ಆ ತಟ್ಟೆಯನ್ನು ಬೀದರಿನಲ್ಲಿ ಮಾಡಿಸಿರಿ. ಕುಶಲಿಗೆ ಒಂದೇ ಗಿಡ ಬಿಡಿಸಲು ಹೇಳಿ, ಸುತ್ತ ಕಪ್ಪನ್ನು ಧಾರಾಳವಾಗಿ ಬಿಡಲು ಹೇಳಿ. ಮನೆಗೆ ತಂದ ಮೇಲೆ ಅದಕ್ಕೆ ವಿಭೂತಿ ಹಚ್ಚಿ ತಿಕ್ಕಬೇಡಿ.